ರೀಡಿಂಗ್ ಬರೆದುಕೊಳ್ಳುವ ಹುಡುಗಿಗೆ

ಸಿಂದಗಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಾನು ಬಿ.ಎಸ್ಸಿ. ಕೊನೆ ವರ್ಷ. ನಮ್ಮ ಕೇರಿಯಿಂದ ಫಿಸಿಕ್ಸ್ ತಗೊಂಡವಳು ನಾನೊಬ್ಬಳೇ. ಕಾಲೇಜು ಸೇರಿದ ಮೊದಲ ವಾರವೇ ಅಡ್ಡಹೆಸರು ಕೇಳಿ, ಯಾವ ಪೈಕಿ ಅಂತ ತಿಳ್ಕೊಂಡರು. ಪ್ರಾಕ್ಟಿಕಲ್‌ನಲ್ಲಿ ಹುಡುಗರು ಉಪಕರಣ ಹಿಡಿತಾರೆ. ನನಗೆ 'ನೀ ರೀಡಿಂಗ್ ಬರ್ಕೋ' ಅಂತಾರೆ. ಸರ್‌ಗೆ ಹೇಳಿದರೆ 'ವಿಜ್ಞಾನಕ್ಕೆ ಎಲ್ಲಿಯ ಜಾತಿ' ಅಂದರು. ಎಂ.ಎಸ್ಸಿ. ಮಾಡಲೋ, ಸುಮ್ನೆ ಬಿ.ಎಡ್. ಸೇರಲೋ?"

ತಂಗಿ, ನಿಮ್ಮ ಕಾಗದ ಎರಡು ಸಲ ಓದಿದೆ. 'ರೀಡಿಂಗ್ ಬರ್ಕೋ' ಅನ್ನುವಲ್ಲಿ ಎರಡೂ ಸಲ ನಿಂತೆ. ಆ ಮಾತು ಹೇಳಿದವರಲ್ಲಿ ನಾನೂ ಒಬ್ಬ.

ಬೆಳಗಾವಿಯಲ್ಲಿ ಓದುವಾಗ ನಮ್ಮ ಬ್ಯಾಚ್‌ನಲ್ಲಿ ಒಬ್ಬಳೇ ಹುಡುಗಿ. ಪ್ರಿಸಂ ಬೆಳಕನ್ನು ಎಷ್ಟು ಡಿಗ್ರಿ ಬಾಗಿಸುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಮೀಟರ್ ಪ್ರಯೋಗ ನಿಮಗೂ ಗೊತ್ತು. ಕತ್ತಲೆ ಕೋಣೆ, ಸೋಡಿಯಂ ದೀಪ. ಪ್ರಿಸಂ ಇಟ್ಟ ಮೇಜನ್ನು ಮೆಲ್ಲಗೆ ತಿರುಗಿಸುತ್ತಾ ಹೋದರೆ ಟೆಲಿಸ್ಕೋಪಿನಲ್ಲಿ ಹಳದಿ ಗೆರೆ ಸರಿಯುತ್ತದೆ, ಒಂದು ಕಡೆ ನಿಲ್ಲುತ್ತದೆ, ಆಮೇಲೆ ಬಂದ ದಾರಿಗೇ ತಿರುಗುತ್ತದೆ. ತಿರುಗುವ ಆ ಜಾಗ ಹಿಡಿಯುವುದೇ ಪ್ರಯೋಗ. ಅದು ಬೆರಳಿಗೆ ಬರಬೇಕಾದ ವಿದ್ಯೆ. ವರ್ಷವಿಡೀ ನಾವು ತಿರುಗಿಸಿದೆವು, ಆಕೆ ಬರೆದಳು. ಪರೀಕ್ಷೆಯಲ್ಲಿ ಒಬ್ಬಳೇ ಮಾಡಬೇಕಾಯಿತು. ಸೂತ್ರವೆಲ್ಲ ಬಾಯಿಗೆ ಬರುತ್ತಿತ್ತು, ಗೆರೆ ಮಾತ್ರ ಸಿಗಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು 'ಹೆಣ್ಮಕ್ಕಳಿಗೆ ಇದು ಕಷ್ಟ' ಅಂದರು. ಪಕ್ಕದ ಮೇಜಿನಲ್ಲಿದ್ದ ನಾನು ಬಾಯಿ ಬಿಡಲಿಲ್ಲ.

ನಿಮ್ಮ ಸರ್ ಹೇಳಿದ್ದು ಸೂತ್ರದ ಮಟ್ಟಿಗೆ ಸರಿ. ಆದರೆ ಸೂತ್ರ ಕಲಿಯೋಕೆ ಲ್ಯಾಬ್ ಬೇಕು, ಹಾಸ್ಟೆಲ್ ಬೇಕು, ಗೈಡ್ ಬೇಕು. ಜಾತಿ ಇರುವುದು ಅಲ್ಲಿ.

ಆ ಗೆರೆಗಳ ಕಥೆಯನ್ನೇ ನೋಡಿ. ನಕ್ಷತ್ರದ ಬೆಳಕನ್ನು ಪ್ರಿಸಂನಲ್ಲಿ ಹಾಯಿಸಿದರೂ ಗೆರೆಗಳು ಕಾಣುತ್ತವೆ. ಅದರಲ್ಲಿ ಯಾವ ಗೆರೆ ಎಷ್ಟು ಗಾಢವಾಗಿ ಕಾಣುತ್ತದೆ ಅನ್ನುವುದಕ್ಕೂ ಅದರ ಬಿಸಿಗೂ ಇರುವ ನಂಟನ್ನು 1920ರಲ್ಲಿ ಸಮೀಕರಣಕ್ಕೆ ತಂದವರು ಮೇಘನಾದ ಸಹಾ. ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಯವರ ಮಗ. ಕಲ್ಕತ್ತೆಯ ಹಾಸ್ಟೆಲ್‌ನಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಊಟಕ್ಕೆ ಕೂರಲು ಒಪ್ಪಲಿಲ್ಲ. ಅದೇ ಸಮೀಕರಣ ಹಿಡಿದು 1925ರಲ್ಲಿ ಸಿಸಿಲಿಯಾ ಪೇಯ್ನ್, ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಹೈಡ್ರೋಜನ್ ಎಂದು ಲೆಕ್ಕ ಹಾಕಿದರು. ಕೇಂಬ್ರಿಜ್‌ನಲ್ಲಿ ಓದು ಮುಗಿಸಿದ್ದರೂ ಹೆಣ್ಣು ಅಂತ ಅವರಿಗೆ ಡಿಗ್ರಿ ಕೊಟ್ಟಿರಲಿಲ್ಲ. ಅಮೆರಿಕದ ಹಾರ್ವರ್ಡ್‌ಗೆ ಹೋಗಿ ಈ ಲೆಕ್ಕ ಮಾಡಿದ್ದು. ಪ್ರಿನ್ಸ್‌ಟನ್‌ನ ದೊಡ್ಡ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಆಗದ ಮಾತು ಅಂದರು. ಕೊನೆಗೆ ಪೇಯ್ನ್ ತಮ್ಮ ಪ್ರಬಂಧದಲ್ಲೇ ಈ ಉತ್ತರ ನಿಜ ಇರಲಾರದು ಎಂದು ಬರೆದರು. 4 ವರ್ಷದ ಮೇಲೆ ರಸೆಲ್ ಕೂಡ ಅದೇ ಉತ್ತರಕ್ಕೆ ಬಂದರು.

ನನಗೆ ಹಾಸ್ಟೆಲ್ ಊಟದ ಕಥೆಗಿಂತ ಇದೇ ಜಾಸ್ತಿ ನೋವು ಕೊಡುತ್ತದೆ. ಸರಿ ಉತ್ತರ ಸಿಕ್ಕಿತ್ತು, ತಪ್ಪು ಅಂತ ತನ್ನ ಕೈಯಾರೆ ಬರೆಯಬೇಕಾಯಿತು. ನಿಮ್ಮ 'ಸುಮ್ನೆ ಬಿ.ಎಡ್.' ಅನ್ನುವ ಸಾಲಿನಲ್ಲೂ ಅದೇ ಕಂಡಿತು. ಕಲಿಸುವ ಕೆಲಸ ಸಣ್ಣದಲ್ಲ, ಮನಸ್ಸಿದ್ದರೆ ಖಂಡಿತ ಸೇರಿ. ಫಿಸಿಕ್ಸ್ ನನಗಲ್ಲ ಅಂದುಕೊಂಡು ಮಾತ್ರ ಸೇರಬೇಡಿ. ಎಂ.ಎಸ್ಸಿ. ಸೀಟಿನ ಬಗ್ಗೆ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎರಡೂ ಕಡೆ ಈಗಲೇ ವಿಚಾರಿಸಿ.

ಸರ್ ಹತ್ತಿರ ಮತ್ತೆ ಹೋಗಿ. ಪ್ರತಿ ಪ್ರಯೋಗಕ್ಕೂ ಪಾಳಿ ಬದಲಾಗಲಿ, ಎಲ್ಲರೂ ಉಪಕರಣ ಹಿಡಿಯಲಿ ಅಂತ ಕೇಳಿ. ಇದಕ್ಕೆ ಇಲ್ಲ ಅನ್ನೋದು ಕಷ್ಟ. ಪೈಕಿ ಕೇಳಿ ಕಾಡುವುದು ನಿಲ್ಲದಿದ್ದರೆ ದೂರು ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಸಮಾನ ಅವಕಾಶ ಘಟಕ ಇರಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2012ರಲ್ಲೇ ನಿಯಮ ಮಾಡಿದೆ.

ಲ್ಯಾಬ್ ಅಟೆಂಡರ್ ಅವರನ್ನೂ ಕೇಳಿ ನೋಡಿ, ಬಿಡುವಿನ ಹೊತ್ತು ಸ್ಪೆಕ್ಟ್ರೋಮೀಟರ್ ಕೊಟ್ಟಾರು. ಒಬ್ಬರೇ ಕೂತು ಮೇಜು ತಿರುಗಿಸಿ. ಗೆರೆ ನಿಂತು ಹಿಂದಕ್ಕೆ ತಿರುಗಿದ್ದು ಕಂಡ ದಿನ ನನಗೊಂದು ಕಾಗದ ಹಾಕಿ. ಎಷ್ಟು ಡಿಗ್ರಿ ಬಂತು ಅನ್ನುವುದನ್ನೂ ಬರೆಯಿರಿ.

– ಸಂಪಾದಕ