ಪದ ಒಂದೇ, ಅರ್ಥ ಬೇರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 46 ವರ್ಷ. ಮೂರು ಎಕರೆ ಅಡಿಕೆ ತೋಟ ಇದೆ. ಕತೆ ಬರೆಯುವ ಹುಚ್ಚು ಕಾಲೇಜಿನಿಂದಲೂ ಇತ್ತು. ಹಗಲಿಡೀ ತೋಟ, ರಾತ್ರಿ ಕೂತರೆ ನಿದ್ದೆ. ಏಳೆಂಟು ಕತೆ ಶುರು ಮಾಡಿದ್ದೇನೆ, ಒಂದೂ ಮುಗಿದಿಲ್ಲ. ಬದುಕು ಹೀಗೇ ಕಳೆದುಹೋಗುವುದಾ?
– ಕೃಷಿಕ, ಪೆರ್ಲ

ಉತ್ತರ: ರಾತ್ರಿ ಬರೆಯಲು ಕೂರುವುದನ್ನು ಮೊದಲು ಬಿಡಿ. ತೋಟದಿಂದ ಬಂದು ಮಿಂದು ಉಂಡ ಮೈ ನಿದ್ದೆ ಕೇಳುತ್ತದೆ, ಕೊಡಬೇಕು. ಬೆಳಗ್ಗೆ ಹಾಲು ಕರೆಯುವ ಮೊದಲಿನ 25 ನಿಮಿಷ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ.

ವರ್ಷವಿಡೀ ಕತೆಯನ್ನೇ ಬರೆಯಬೇಕೆಂದೇನೂ ಇಲ್ಲ. ಕೊಯ್ಲು, ಒಣಗಿಸುವುದು, ಸುಲಿಯುವುದು ಎಂದು ಓಡಾಟವಿರುವ ತಿಂಗಳುಗಳಲ್ಲಿ ದಿನಕ್ಕೆ ಮೂರೇ ಸಾಲು ಬರೆದಿಡಿ: ಕಂಡದ್ದೊಂದು, ಕಿವಿಗೆ ಬಿದ್ದ ಮಾತೊಂದು, ವಾಸನೆಯೋ ಸದ್ದೋ ಒಂದು. ‘ಬೇಸರವಾಯಿತು’, ‘ಸುಂದರವಾಗಿತ್ತು’ ಎಂಬವು ನಿಷಿದ್ಧ. ಯಾವುದರಿಂದ ಬೇಸರವಾಯಿತೋ ಆ ವಸ್ತು ಬರಲಿ. ಆರು ತಿಂಗಳಲ್ಲಿ ಐನೂರಕ್ಕೂ ಮಿಕ್ಕಿ ಸಾಲು ಸೇರುತ್ತದೆ, ಅರ್ಧಕ್ಕರ್ಧ ಜೊಳ್ಳು ಹೋದರೂ ನಷ್ಟವಿಲ್ಲ. ಕತೆಗೆ ಮಳೆಗಾಲದ ಆಟಿ ತಿಂಗಳು ಇದೆಯಲ್ಲ. ಹೊರಗೆ ಸುರಿಯುತ್ತಿರುವಾಗ ದಿನಕ್ಕೆ 120 ಪದದಂತೆ 25 ದಿನ ಬರೆದರೆ 3,000 ಪದ, ಅಂದರೆ ಒಂದು ಸಣ್ಣಕತೆ.

ಏಳೆಂಟು ಕತೆ ನಡುವೆಯೇ ನಿಂತದ್ದಕ್ಕೆ ಕಾರಣ ಬಹುಶಃ ಮೊದಲ ಪುಟದ ತಿದ್ದಾಟ. ದಿನವೂ ಆರಂಭದಿಂದ ಓದಿ, ತಿದ್ದಿ, ಅಷ್ಟರಲ್ಲೇ ಹೊತ್ತು ಮುಗಿಯುತ್ತದೆ. ಮೊದಲ ಪುಟಕ್ಕೆ ಹೊಳಪು ಬಂದಷ್ಟೂ ಎರಡನೆಯದು ಬರೆಯಲು ಹೆದರಿಕೆ. ಕೊನೆಯ ದೃಶ್ಯ ಯಾವುದೆಂದು ಒಂದು ಸಾಲು ಬರೆದಿಟ್ಟು ಶುರು ಮಾಡಿ. ಅದು ಆಮೇಲೆ ಬದಲಾದರೂ ಅಡ್ಡಿಯಿಲ್ಲ. ನಿನ್ನೆ ಬರೆದದ್ದರಲ್ಲಿ ಕೊನೆಯ ಎರಡು ವಾಕ್ಯ ಮಾತ್ರ ಓದಿ ಮುಂದೆ ಹೋಗಿ. ಕರಡು ಮುಗಿಯದೆ ತಿದ್ದಬೇಡಿ. ನಾಳೆ ಏನು ಬರೆಯುವುದೆಂದು ಗೊತ್ತಿರುವಾಗಲೇ ಏಳಿ, ಪೂರ್ತಿ ಬರಿದು ಮಾಡಿಕೊಂಡು ಎದ್ದರೆ ಮರುದಿನ ಕೂರುವ ಮನಸ್ಸೇ ಬರುವುದಿಲ್ಲ.

ಅಡಿಕೆಗೆ ಮದ್ದು ಬಿಡುವ ಮೊದಲು, ಮೈಲುತುತ್ತು–ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಚೂರಿ ಅದ್ದಿ ನೋಡುವ ಕ್ರಮ ನಿಮಗೆ ಗೊತ್ತಿದ್ದದ್ದೇ. ಅಲಗಿಗೆ ಕೆಂಪು ಹಿಡಿದರೆ ಮೈಲುತುತ್ತು ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಕತೆಯನ್ನು ಹಾಗೆ ಪರೀಕ್ಷಿಸುವುದು ಗಟ್ಟಿಯಾಗಿ ಓದಿ. ದ್ರಾವಣವನ್ನು ಅಂದಂದೇ ಮುಗಿಸಬೇಕು, ಕತೆಯನ್ನು ಹತ್ತು ದಿನ ಮುಚ್ಚಿಟ್ಟು ಓದಬೇಕು. ನಾಲಗೆ ತೊಡರಿದಲ್ಲೆಲ್ಲ ಪೆನ್ಸಿಲಿನ ಗೀಟು ಹಾಕಿ. ಅಲ್ಲಿ ಮೂರು ಸಂಗತಿಯನ್ನು ಒಂದೇ ವಾಕ್ಯಕ್ಕೆ ತುರುಕಿರುತ್ತೀರಿ, ಇಲ್ಲವೇ ನೋಡದೆ ಇದ್ದದ್ದನ್ನು ವರ್ಣಿಸಿರುತ್ತೀರಿ.

ಪ್ರಶ್ನೆ: ನಿವೃತ್ತನಾಗಿ ಎರಡು ವರ್ಷ. ಓದು ಇದೆ, ಪೆನ್ಶನ್ ಇದೆ, ಮಕ್ಕಳು ದೂರದಲ್ಲಿ ಚೆನ್ನಾಗಿದ್ದಾರೆ. ಆದರೂ ಈ ಬದುಕಿಗೆ ಏನರ್ಥ ಎಂದು ಕಾಡುತ್ತದೆ.
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ಉತ್ತರ: ಮಾಸ್ತರರೇ, ನಮ್ಮ ಕಾಸರಗೋಡಿನ ಕಡೆ ‘ಅರ್ಥ’ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಇರುವುದಕ್ಕಿಂತ ಹೆಚ್ಚಿನ ಒಂದು ಬಳಕೆ ಇದೆ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ‘ಹೇಳುತ್ತಾರೆ’. ಭಾಗವತರು ಹಾಡಿದ ಪದ (ಹಾಡು) ಮೊದಲೇ ಬರೆದಿಟ್ಟದ್ದು, ಅದನ್ನು ಬದಲಿಸುವಂತಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆಗಲೇ, ಅಲ್ಲೇ ಹುಟ್ಟಬೇಕು. ಅದೇ ಪದಕ್ಕೆ ಇನ್ನೊಂದು ರಾತ್ರಿ, ಎದುರು ಇನ್ನೊಬ್ಬರು ಕೂತಾಗ, ಬೇರೆ ಅರ್ಥ. ಅದನ್ನು ಎಲ್ಲಿಂದಲೋ ಹುಡುಕಿ ತರುವುದಕ್ಕಾಗುವುದಿಲ್ಲ. ಎದುರಾಳಿ ಇಲ್ಲದೆ ಅರ್ಥ ಕಳೆಗಟ್ಟುವುದೂ ಇಲ್ಲ. ನಿಮಗೆ ಈಗ ಇಲ್ಲದಿರುವುದು ಆ ಎದುರು ಕೂರುವ ಜನ. ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳುವವರಿದ್ದರು.

ಹಾಗಾಗಿ ಒಬ್ಬರೇ ಕೂತು ಓದುವ ಕೆಲಸ ಬೇಡ. ಒಂದು ಸಲಹೆ: ನಿಮ್ಮ ಸುತ್ತಿನ ಕಸುಬುಗಳ ಮಾತನ್ನು ಕೂಡಿಸಿ. ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಸುರಂಗ ಕೊರೆದು ಪಂಪಿಲ್ಲದೆ ನೀರು ಹರಿಸುವ ವಿದ್ಯೆ ಕಾಸರಗೋಡಿನದು, ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅವರು ಮಣ್ಣಿನ ಪದರಕ್ಕೆ, ಒಸರಿಗೆ, ಒಳಗೆ ಉಸಿರು ಕಟ್ಟುವುದಕ್ಕೆ ಏನೇನು ಹೇಳುತ್ತಾರೆ? ಒಂದು ಶಬ್ದಕ್ಕೆ ಒಂದು ಕಾರ್ಡು: ಶಬ್ದ, ಹೇಳಿದವರು, ಅವರ ಬಾಯಿಂದ ಬಂದ ಇಡೀ ವಾಕ್ಯ, ತಾರೀಕು. ವಾಕ್ಯ ಬಿಟ್ಟರೆ ಎರಡು ವರ್ಷದ ಮೇಲೆ ನಿಮಗೇ ಆ ಕಾರ್ಡು ತಿಳಿಯುವುದಿಲ್ಲ. ವಾರಕ್ಕೆ ಎರಡು ಮನೆ, ಮನೆಯೊಂದಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಹೇಳುವವರಿಗೂ ದಣಿವಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ನಾನು ಬರೆಯುವ ಕನ್ನಡ ಪುಸ್ತಕದ ಹಾಗಿರುತ್ತದೆ ಎಂದು ಗೆಳತಿಯರು ನಗುತ್ತಾರೆ. ನನ್ನ ಭಾಷೆ ಯಾವುದು?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ನಿಮ್ಮ ಊರಿನ ಕವಿ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1911ರಲ್ಲಿ ಪ್ರಾಸವನ್ನು ಬಿಟ್ಟು ಕನ್ನಡ ಕವಿತೆಯ ದಾರಿ ತಿರುಗಿಸಿದವರು ಅವರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು; ತುಳು, ಕನ್ನಡ ಎರಡರಲ್ಲೂ ಬರೆದರು. ಹಾಗಾಗಿ ಆಯ್ಕೆಯ ಚಿಂತೆ ಬೇಡ, ಅಭ್ಯಾಸ ಹೇಳುತ್ತೇವೆ.

ಅಜ್ಜಿಯ ಮಾತನ್ನು ಹತ್ತು ವಾಕ್ಯ ತುಳುವಿನಲ್ಲೇ ಬರೆದುಕೊಳ್ಳಿ, ಆಮೇಲೆ ಕನ್ನಡ ಮಾಡಿ. ಕನ್ನಡದಲ್ಲಿ ವಾಕ್ಯ ಉದ್ದವಾದರೆ ಅಲ್ಲಿ ಪುಸ್ತಕ ನುಸುಳಿದೆ. ಎರಡನೆಯದು, ಮಲಯಾಳದಿಂದ ವಾರಕ್ಕೊಂದು ಪುಟ ಅನುವಾದ. ಒಂದೇ ರೂಪದ ಶಬ್ದಗಳೇ ಅಲ್ಲಿ ಕಾಲೆಳೆಯುವುದು: ಅವರ ‘ಅವಸರಂ’ ಅವಕಾಶ, ನಮ್ಮದು ಗಡಿಬಿಡಿ. ಅವರ ‘ಅಪೇಕ್ಷ’ ಅರ್ಜಿ, ನಮ್ಮ ಅಪೇಕ್ಷೆ ಮನಸ್ಸಿನೊಳಗಿನದು. ಅವರ ‘ಉಪನ್ಯಾಸಂ’ ಪ್ರಬಂಧ, ನಮ್ಮದು ಭಾಷಣ. ‘ಸಂಸಾರಂ’ ಎಂದರೆ ಅಲ್ಲಿ ಮಾತುಕತೆ, ಇಲ್ಲಿ ಸಂಸಾರ! ಇಂಥವುಗಳ ಪಟ್ಟಿ ನೋಟುಬುಕ್ಕಿನ ಹಿಂಬದಿಯಲ್ಲಿ ಬೆಳೆಯುತ್ತಿರಲಿ. ಮೂರು ಭಾಷೆಯ ನಡುವೆ ಬೆಳೆದವರಿಗೆ ಮಾತ್ರ ಸಿಗುವ ಸೊತ್ತು ಅದು.

ಪ್ರಶ್ನೆ: ಯಕ್ಷಗಾನಕ್ಕಾಗಿ ಭಾಮಿನಿ ಷಟ್ಪದಿ ಬರೆದೆ. ‘ಕತ್ತಲ ಮನೆಯಲಿ ಕುಳಿತಳು ರಾಣಿ’ ಎಂಬ ಮೊದಲ ಸಾಲೇ ಸರಿಯಿಲ್ಲ ಎಂದರು ಭಾಗವತರು. ತಪ್ಪೇನು?
– ಹವ್ಯಾಸಿ ಕಲಾವಿದ, ಕುಂಬಳೆ

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಕೇಳಿದ ಮೇಲೆ ಲೆಕ್ಕ ಬಿಡಿಸಿಯೇ ಹೇಳಬೇಕು. ಆರು ಸಾಲಿನ ಭಾಮಿನಿಯಲ್ಲಿ 1, 2, 4, 5ನೇ ಸಾಲಿನ ನಡೆ 3+4+3+4, ಒಟ್ಟು 14 ಮಾತ್ರೆ (ಉಚ್ಚಾರದ ಕಾಲದ ಅಳತೆ). ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರವಿರುವ ಅಕ್ಷರ ಹ್ರಸ್ವವಾದರೂ ಎರಡು. ನಿಮ್ಮ ಸಾಲು: ಕತ್ತಲ 4, ಮನೆಯಲಿ 4, ಕುಳಿತಳು 4, ರಾಣಿ 3. ಒಂದು ಮಾತ್ರೆ ಹೆಚ್ಚಾದದ್ದು ಸಣ್ಣ ತಪ್ಪು, ನಾಲ್ಕು ನಾಲ್ಕರ ನಡೆ ಹಿಡಿದದ್ದು ದೊಡ್ಡದು. ಅದು ಭಾಮಿನಿಯೇ ಅಲ್ಲ.

‘ಮನೆಯ ಕತ್ತಲೊಳೊಂಟಿ ರಾಣಿಯು’ ಎಂದು ಮಾಡಿ ನೋಡಿ: ಮನೆಯ 3, ಕತ್ತಲೊ 4, ಳೊಂಟಿ 3, ರಾಣಿಯು 4. ಗಣ, ಅಂದರೆ ಮಾತ್ರೆಗಳ ಗುಂಪು, ಶಬ್ದದ ನಡುವೆ ಒಡೆದರೂ ಚಿಂತೆಯಿಲ್ಲ, ಹಾಡುವಾಗ ಅದೇ ಚಂದ. ಮೂರು ಮತ್ತು ಆರನೆಯ ಸಾಲಿಗೆ 3+4 ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), 23 ಮಾತ್ರೆ. ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೊದಲ ಸಾಲು ‘ಮನೆಯ’ ಎಂದಾದ ಮೇಲೆ ಉಳಿದ ಐದಕ್ಕೂ ನಕಾರ ಹುಡುಕಿಕೊಳ್ಳಿ.