ಓದುಗರ ಪ್ರಶ್ನೆಗೆ ಉತ್ತರ: ಗುಡಿಬಂಡೆಯಲ್ಲಿ ರಜಾದಿನ

ಪ್ರಶ್ನೆ: ಪತಿಗೆ ಗುಡಿಬಂಡೆಗೆ ವರ್ಗವಾಗಿ ಈಚೆಗಷ್ಟೇ ಬಂದು ನೆಲೆಸಿದ್ದೇವೆ. ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಬ್ಬರು (10 ಮತ್ತು 13 ವರ್ಷ) ಈ ಊರಿನಲ್ಲಿ ನೋಡುವುದಕ್ಕೇನೂ ಇಲ್ಲವೆಂದು ಮೊಬೈಲ್ ಹಿಡಿದು ಕೂರುತ್ತಾರೆ. ಅವರನ್ನು ಎಲ್ಲಿಗೆ ಕರೆದೊಯ್ಯಬಹುದು? ಕೆರೆಯಲ್ಲಿ ಈಜಲು, ಗಾಳ ಹಾಕಲು ಬಿಡಬಹುದೇ? ಮಂಡಿನೋವಿರುವ ಅತ್ತೆಯವರೂ ನಮ್ಮೊಂದಿಗಿದ್ದಾರೆ.
– ಒಬ್ಬ ಓದುಗರು, ಗುಡಿಬಂಡೆ

ಉತ್ತರ: ಮೊದಲು ಬೆಟ್ಟ ಹತ್ತಿಸಿ, ಕೆರೆ ಆಮೇಲೆ. ಪಾಳೇಗಾರ ಬೈರೇಗೌಡ 17ನೇ ಶತಮಾನದಲ್ಲಿ ಕಟ್ಟಿಸಿದನೆನ್ನಲಾಗುವ 7 ಸುತ್ತಿನ ಕೋಟೆಯಲ್ಲಿ, ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಡುವ 19 ಕೊಳಗಳಿವೆಯೆಂದು ಹೇಳುತ್ತಾರೆ. ಅವುಗಳಲ್ಲಿ ಎಷ್ಟು ಸಿಗುತ್ತವೆಂದು ಮಕ್ಕಳೇ ಎಣಿಸಲಿ. ಒಂದು ಕೊಳ ತುಂಬಿದರೆ ನೀರು ಮುಂದೆ ಎತ್ತ ಹರಿಯುತ್ತದೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಲಿ. ತುದಿಯ ರಾಮೇಶ್ವರ ಗುಡಿಯ ಬಳಿ ನಿಂತರೆ ಅಮಾನಿ ಬೈರಸಾಗರ ಕೆರೆ ಭಾರತದ ಭೂಪಟದಂತೆ ಕಾಣುತ್ತದೆಂಬುದು ಊರಿನವರ ಹೆಮ್ಮೆ. ಕೆರೆ ತುಂಬಿದಾಗ ಅದು ನಿಜವೂ ಹೌದು. ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಕನ್ಯಾಕುಮಾರಿಯನ್ನು ಹುಡುಕಬೇಕಾದೀತು. ಬಿಸಿಲೇರಿದ ಮೇಲೆ ಬಂಡೆ ಕಾಯುತ್ತದೆ, ಮಳೆ ಬಂದರೆ ಪಾಚಿ ಜಾರುತ್ತದೆ. ಆದ್ದರಿಂದ ಬೆಳಗ್ಗೆ ಬೇಗ ಹತ್ತಿ, ಕುಡಿಯುವ ನೀರು ಒಯ್ಯಿರಿ, ತಿಂಡಿಯ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಿರಲಿ.

ಕೆರೆಯ ಸೊಗಸು ಏರಿಯ ಮೇಲಿನ ನಡಿಗೆಯಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ ಹೆಚ್ಚು ಮಳೆ ಬೀಳುವುದರಿಂದ, ಆ ದಿನಗಳಲ್ಲಿ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ನೀರು ಎಲ್ಲಿಗೆ ಏರಿತೆಂದು ಗುರುತು ಹಾಕಿಕೊಂಡರೆ, ತೂಬು (ನೀರು ಹೊರಬಿಡುವ ಕಿಂಡಿ) ಯಾವುದಕ್ಕೆ, ಕೋಡಿ (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಜಾಗ) ಯಾವುದಕ್ಕೆ ಎಂಬುದು ಪಾಠ ಹೇಳದೆಯೇ ಮಕ್ಕಳಿಗೆ ತಿಳಿಯುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿಗಳನ್ನು ಗುರುತಿಸಲು ದುಬಾರಿ ದುರ್ಬೀನು ಬೇಕಿಲ್ಲ, ಸದ್ದು ಮಾಡದೆ ಕೂರುವ ತಾಳ್ಮೆ ಸಾಕು. ಮುಳುಗಿದ ಗುಳುಮುಳುಕ ಮತ್ತೆಲ್ಲಿ ತಲೆ ಎತ್ತೀತೆಂದು ಪಂಥ ಕಟ್ಟುವುದರಲ್ಲೇ ಚಿಕ್ಕವರಿಗೆ ಗಂಟೆ ಕಳೆಯುತ್ತದೆ.

ಈಜು ಖಂಡಿತ ಬೇಡ. ಕೆರೆಗಳ ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ನೀರು ನಿಂತ ಮೇಲೆ ಕಾಣುವುದಿಲ್ಲ, ಹೂಳಿನಲ್ಲಿ ಹೂತ ಕಾಲನ್ನು ಕೀಳುವುದು ಈಜು ಬಲ್ಲ ದೊಡ್ಡವರಿಗೂ ಕಷ್ಟ. ಕೋಡಿ ಹರಿಯುವಾಗ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೂ ಇದೇ ಉತ್ತರ. ಗಾಳದ ವಿಷಯ ಬೇರೆ: ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರಾದ್ದರಿಂದ, ಮೀನುಗಾರರನ್ನು ಕೇಳಿ, ಅವರು ಒಪ್ಪಿದರೆ ದೊಡ್ಡವರ ಜೊತೆಯಲ್ಲಿ ದಡದಿಂದ ಹಾಕಬಹುದು.

ಅತ್ತೆಯವರನ್ನು ಕೋಟೆ ಹತ್ತಿಸುವ ಸಾಹಸ ಬೇಡ. ಸಂಜೆ ಏರಿಯ ಸಮತಟ್ಟಾದ ಭಾಗದಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು. ಇಡೀ ದಿನ ಬಿಡುವಿದ್ದಾಗ ಚಿಕ್ಕಬಳ್ಳಾಪುರದ ಆಚೆ, ನಂದಿಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿಬನ್ನಿ. ಬೆಟ್ಟ ಹತ್ತುವ ಪ್ರಮೇಯವಿಲ್ಲ, ಪ್ರಾಕಾರ ವಿಶಾಲವಾಗಿದೆ. ಮಕ್ಕಳು ಕಂಬಗಳ ಕೆತ್ತನೆ ನೋಡುತ್ತ ಕಲ್ಯಾಣಿಯವರೆಗೆ ಸುತ್ತಿ ಬರುವಷ್ಟು ಹೊತ್ತು ಅವರು ನೆರಳಿನಲ್ಲಿ ಕೂತಿರಬಹುದು. ಕಲ್ಯಾಣಿಯ ಮೆಟ್ಟಿಲು ಇಳಿಯುವಾಗ ಮಾತ್ರ ಚಿಕ್ಕವನ ಕೈ ಹಿಡಿದುಕೊಳ್ಳಲು ದೊಡ್ಡವರೊಬ್ಬರು ಜೊತೆಗಿರಲಿ.