ಬೈಹುಲ್ಲು ನಿಲ್ಲಿಸಿದ್ದೇ ಎಡವಟ್ಟು

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಜೆರ್ಸಿ ಕ್ರಾಸ್ ದನ, ಕರು ಹಾಕಿ ಮೂರು ತಿಂಗಳು. ಹಾಲಿನ ಸೊಸೈಟಿಯಲ್ಲಿ ಶೇಕಡಾ 4.2 ಬರುತ್ತಿದ್ದ ಫ್ಯಾಟ್ (ಹಾಲಿನ ಕೊಬ್ಬು) ಮಳೆ ಹಿಡಿದ ಮೇಲೆ 3.3ಕ್ಕೆ ಇಳಿದಿದೆ. ಎಳೆ ಹುಲ್ಲು ಬೇಕಾದಷ್ಟಿದೆ ಅಂತ ಬೈಹುಲ್ಲು ನಿಲ್ಲಿಸಿದೆ, ಪೆಲೆಟ್ (ಗುಳಿಗೆಯಂಥ ಪಶು ಆಹಾರ) ಎರಡು ಕಿಲೋ ಜಾಸ್ತಿ ಮಾಡಿದೆ. ಬೆಣ್ಣೆಯೂ ಮೆತ್ತಗೆ, ಉಂಡೆ ನಿಲ್ಲುವುದಿಲ್ಲ. ದಿನಾ ಸ್ವಲ್ಪ ಎಣ್ಣೆ ಕುಡಿಸಲೇ?

ಉತ್ತರ: ಎಣ್ಣೆ ಖಂಡಿತ ಬೇಡ, ಫ್ಯಾಟ್ ಇನ್ನೂ ಇಳಿದೀತು.

ಹಾಲಿನ ಕೊಬ್ಬಿನಲ್ಲಿ ಹೆಚ್ಚುಕಮ್ಮಿ ಅರ್ಧ ತಯಾರಾಗುವುದು ಕೆಚ್ಚಲಿನಲ್ಲೇ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಅಸಿಟಿಕ್ ಆಮ್ಲ, ವಿನೆಗರ್‌ನಲ್ಲಿ ಇರುತ್ತದಲ್ಲ, ಅದೇ. ದನದ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿದಾಗ ಅದು ಸಿಗುತ್ತದೆ. ಉಳಿದರ್ಧ ಮೇವಿನ ಜಿಡ್ಡಿನಿಂದ, ಮೈಯ ಕೊಬ್ಬಿನಿಂದ ಬರುತ್ತದೆ.

ನೀವು ನಾರು ಇಳಿಸಿ ಪೆಲೆಟ್ ಏರಿಸಿದಿರಿ. ಮೆಲುಕು ಕಮ್ಮಿಯಾಯಿತು, ಜೊಲ್ಲೂ ಕಮ್ಮಿಯಾಯಿತು. ಹೊಟ್ಟೆಯ ಹುಳಿ ತಗ್ಗಿಸುವ ಸೋಡಾ ಇರುವುದೇ ಆ ಜೊಲ್ಲಿನಲ್ಲಿ. ಹುಳಿ ಏರಿದರೆ ಸೂಕ್ಷ್ಮಜೀವಿಗಳು ಮೇವಿನ ಜಿಡ್ಡನ್ನು ಬೇರೆಯೇ ಒಂದು ಕೊಬ್ಬಾಗಿ ಮಾರ್ಪಡಿಸುತ್ತವೆ. ಅದು ಕೆಚ್ಚಲಿಗೆ ಹೋಗಿ ಅಲ್ಲಿನ ಕೊಬ್ಬು ತಯಾರಿಯನ್ನೇ ತಗ್ಗಿಸುತ್ತದೆ. ಎಣ್ಣೆ ಕುಡಿಸಿದರೆ ಅದಕ್ಕೇ ಇನ್ನಷ್ಟು ಸರಕು ಕೊಟ್ಟ ಹಾಗೆ.

ಬೆಣ್ಣೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಸಿಹುಲ್ಲು ತಿಂದ ದನದ ಬೆಣ್ಣೆ ಹಳದಿ, ಮೆತ್ತಗೆ. ಬರೀ ಬೈಹುಲ್ಲಿನ ದಿನಗಳಲ್ಲಿ ಬಿಳಿ, ಗಟ್ಟಿ. ತೆಂಗಿನ ಹಿಂಡಿ ಬೆಣ್ಣೆಯನ್ನು ಗಟ್ಟಿ ಮಾಡುತ್ತದೆ, ನೆಲಗಡಲೆ ಹಿಂಡಿ ಮೆತ್ತಗೆ ಮಾಡುತ್ತದೆ. ಅಮ್ಮಂದಿರು ಮಜ್ಜಿಗೆ ಕಡೆಯುವಾಗಲೇ ಇದನ್ನು ಕಂಡುಕೊಂಡಿದ್ದಾರೆ, ಅಲ್ವಾ?

ಬೆಳಗ್ಗೆ ಎಳೆ ಹುಲ್ಲು ಹಾಕುವ ಮೊದಲು ಬೈಹುಲ್ಲು ಹಾಕಿ, ದಿನಕ್ಕೆ ಮೂರು ಕಿಲೋದಷ್ಟು. ಪುಡಿಪುಡಿ ಕತ್ತರಿಸಬೇಡಿ. ಹೆಚ್ಚಿಸಿದ ಪೆಲೆಟ್ ಇಳಿಸಿ, ಉಳಿದದ್ದನ್ನು ಮೂರು ಹೊತ್ತಿಗೆ ಹಂಚಿ. ಅಕ್ಕಚ್ಚಿಗೆ (ದನಕ್ಕೆ ಕುಡಿಯಲು ಕೊಡುವ ಅಕ್ಕಿ ತೊಳೆದ ನೀರಿಗೆ) ಅನ್ನ, ಗಂಜಿ ಸುರಿಯುವ ಅಭ್ಯಾಸವಿದ್ದರೆ ಅದಕ್ಕೂ ಕಡಿವಾಣ ಹಾಕಿ. ಮಧ್ಯಾಹ್ನ ಹಟ್ಟಿಯಲ್ಲಿ ದನ ಮಲಗಿರುವಾಗ ಸುಮ್ನೆ ಹತ್ತಿರ ಕೂತು ಎಣಿಸಿ. ಮೆಲುಕಿನ ಒಂದು ಉಂಡೆಯನ್ನು ಐವತ್ತು, ಅರವತ್ತು ಸಲ ಅಗಿಯಬೇಕು. ಮೂವತ್ತಕ್ಕೇ ನುಂಗಿದರೆ ನಾರು ಸಾಲದು. ಎರಡು ಮೂರು ವಾರದಲ್ಲಿ ಫ್ಯಾಟ್ ಏರಬೇಕು. ಏರದಿದ್ದರೆ, ಅಥವಾ ಸಗಣಿ ನೀರಾದರೆ ವೈದ್ಯರನ್ನು ಕರೆಸಿ.

ಒಂದು ಕೇಳುವುದು ಮರೆತೆ. ಕರುವಿಗೆ ಹಾಲು ಬಿಡುವುದು ಕರೆದಾದ ಮೇಲೆಯೇ? ಜಿಡ್ಡು ಜಾಸ್ತಿ ಇರುವುದು ಕಡೆಯ ಹಾಲಿನಲ್ಲೇ. ಅದು ಕರುವಿನ ಹೊಟ್ಟೆಗೆ ಹೋದರೆ ಸೊಸೈಟಿಗೆ ತೆಳು ಹಾಲೇ ಹೋಗುತ್ತದೆ. ಅದರ ಬದಲು ಕರುವಿಗೆ ಒಂದು ಮೊಲೆ ಪೂರ್ತಿ ಬಿಟ್ಟು, ಉಳಿದ ಮೂರನ್ನು ಕೊನೆತನಕ ಕರೆಯಿರಿ.